ಹಪ್ಪಳದ ಗ್ಯಾರೇಜಿನ ಮುನಿಸುಗಾರ ದೀಪ

ಕಡಲಾಚೆಯ ಸುಬಾಂಗ್ ಜಯಾದ ನಮ್ಮ ಮನೆಯಲ್ಲಿ ಹೀಟರ್ ಇತ್ತು ಅಂದರೆ, ಕೇಳಿದವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನಮ್ಮ ಯಜಮಾನರ ಮುಖ ನೋಡುತ್ತಾರೆ. ಇಬ್ಬರಲ್ಲಿ ಯಾರಿಗೆ ತಲೆ ಸರಿಯಿಲ್ಲ ಅಂತ ಲೆಕ್ಕ ಹಾಕುತ್ತಾರೆ. ವರ್ಷವಿಡೀ ಬೆವರುವ ಊರಿನಲ್ಲಿ ಹೀಟರ್ ಯಾಕೆ? ಹಪ್ಪಳಕ್ಕೆ. ಅಷ್ಟೇ ಉತ್ತರ. ಆದರೆ ಆ ಉತ್ತರದ ಹಿಂದೆ ನನ್ನ ಇಡೀ ವೃತ್ತಿಜೀವನ ಕೂತಿದೆ.

ವೃತ್ತಿ ಅನ್ನೋ ದೊಡ್ಡ ಮಾತು ನನಗೆ ಒಪ್ಪುತ್ತದೋ ಇಲ್ಲವೋ ಗೊತ್ತಿಲ್ಲ. ನಾನು ಮನೆವಾರ್ತೆ ನೋಡಿಕೊಂಡಿದ್ದವಳು. ಯಜಮಾನರ ಕೆಲಸಕ್ಕಾಗಿ ತುಮಕೂರಿನಿಂದ ಅಲ್ಲಿಗೆ ಹೋದೆ, ಕೈ ಸುಮ್ಮನಿರದೆ ಹಪ್ಪಳ ಮಾಡಿದೆ, ಜನ ತಿಂದರು, ಇನ್ನಷ್ಟು ಕೇಳಿದರು. ಹಾಗೆ ಶುರುವಾದದ್ದು ವರ್ಷಗಟ್ಟಲೆ ನಡೆಯಿತು. ಈಗ ಮಂಡಿ ನೋವು ಬಂದು, ಲಟ್ಟಣಿಗೆ ಕೆಳಗಿಟ್ಟು, ಊರಿಗೆ ವಾಪಸಾಗಿದ್ದೇನೆ. ಮನೆಯಲ್ಲೇ ಹಪ್ಪಳ, ಸಂಡಿಗೆ ಮಾಡಿ ಮಾರುತ್ತೇವೆ ಅಂತ ಹೊರಟ ಹುಡುಗಿಯರು ಆಗಾಗ ಬಂದು ಕೇಳುತ್ತಾರೆ: "ಆಂಟಿ, ಪ್ಯಾಕಿಂಗ್ ಹೇಗೆ? ಲೇಬಲ್ ಹೇಗೆ?" ಅದೆಲ್ಲ ನೀವು ನನಗಿಂತ ಚೆನ್ನಾಗಿ ಬಲ್ಲಿರಮ್ಮ. ನನ್ನ ಹತ್ತಿರ ಹೇಳೋಕೆ ಇರೋದು ಒಣಗಿಸೋ ವಿಷಯ. ಹಪ್ಪಳದ ಕೆಲಸದಲ್ಲಿ ಲಟ್ಟಿಸೋದು ಕಾಲುಭಾಗ, ಒಣಗಿಸೋದು ಮುಕ್ಕಾಲುಭಾಗ. ಉಳಿದದ್ದು ದೇವರ ದಯೆ.

ತುಮಕೂರಿನಲ್ಲಿ ಒಣಗಿಸೋದು ಒಂದು ಕೆಲಸ ಅಂತಲೇ ನಮಗೆ ಗೊತ್ತಿರಲಿಲ್ಲ. ತಾರಸಿ ಮೇಲೆ ಹಳೆ ಪಂಚೆ ಹಾಸಿ ಹರವಿದರೆ ಸೂರ್ಯನಾರಾಯಣ ನೋಡಿಕೊಳ್ಳುತ್ತಿದ್ದ. ಕಾಗೆ ಓಡಿಸಲು ಒಬ್ಬರು ಕೂತರೆ ಮುಗಿಯಿತು. ಸುಬಾಂಗ್ ಜಯಾದಲ್ಲೂ ಸೂರ್ಯನಿದ್ದ, ಆದರೆ ಅರ್ಧ ದಿನದ ಗುತ್ತಿಗೆ. ಬೆಳಿಗ್ಗೆ ಬೆನ್ನು ಸುಡುವ ಬಿಸಿಲು, ಊಟ ಮುಗಿಸಿ ತಟ್ಟೆ ತೊಳೆಯುವಷ್ಟರಲ್ಲಿ ಮೋಡ, ಆಮೇಲೆ ಕೊಡ ಕವುಚಿದ ಹಾಗೆ ಮಳೆ. ನನ್ನ ಮೊದಲ ಆರ್ಡರಿನ ಹಪ್ಪಳ ಅರ್ಧಂಬರ್ಧ ಒಣಗಿ, ಡಬ್ಬಿಯಲ್ಲಿ ಬೂಷ್ಟು ಹಿಡಿದು, ಹಸಿರು ಮೀಸೆ ಬೆಳೆಸಿತ್ತು. ತೆಗೆದುಕೊಂಡಿದ್ದ ಹೆಂಗಸು ತುಂಬ ಒಳ್ಳೆಯವಳು, ಬೈಯಲಿಲ್ಲ. "ಇದು ಮಸಾಲೆ ಹಪ್ಪಳವಾ ಅಕ್ಕಾ?" ಅಂತ ಕೇಳಿದಳು, ಅಷ್ಟೇ.

ಆ ಹೆಂಗಸೇ ಸರೋಜಾ. ನಮ್ಮ ಹಿಂದಿನ ಬೀದಿಯವಳು, ಅಲ್ಲಿಯೇ ಹುಟ್ಟಿ ಬೆಳೆದ ತಮಿಳರವಳು. ಗಂಡ ತೀರಿಕೊಂಡಿದ್ದ, ಒಬ್ಬಳೇ ಮಗಳು. ಬೂಷ್ಟು ತೋರಿಸಲು ಬಂದವಳು ಅಂದಿನಿಂದ ನನ್ನ ಜೊತೆಗೇ ನಿಂತಳು. ಅವಳು ತಮಿಳಿನಲ್ಲಿ ಮಾತಾಡುತ್ತಿದ್ದಳು, ನಾನು ಕನ್ನಡದಲ್ಲಿ. ಜಗಳಕ್ಕೆ ಮಾತ್ರ ಇಬ್ಬರೂ ಇಂಗ್ಲಿಷ್ ಉಪಯೋಗಿಸುತ್ತಿದ್ದೆವು. ಇಬ್ಬರಿಗೂ ಅದು ಸರಿಯಾಗಿ ಬರುತ್ತಿರಲಿಲ್ಲವಾದ್ದರಿಂದ ಜಗಳ ಬೇಗ ಮುಗಿಯುತ್ತಿತ್ತು. ಇದೂ ಒಂದು ದಯೆಯೇ.

ಹೀಟರ್ ತಂದವಳೂ ಅವಳೇ. ಅವಳ ಮೈದುನ ಕಾರಿಗೆ ಬಣ್ಣ ಬಳಿಯುವ ಗ್ಯಾರೇಜ್ ಇಟ್ಟುಕೊಂಡಿದ್ದ. ಬಣ್ಣ ಬೇಗ ಒಣಗಲಿ ಅಂತ ಅವನ ಬಳಿ ಗ್ಯಾಸಿನ ಹೀಟರ್ ಇತ್ತು. ಸೊಂಟದೆತ್ತರದ ಕಬ್ಬಿಣದ ಪೆಟ್ಟಿಗೆ, ಮುಂದೆ ಜಾಲರಿ, ಕೆಳಗೆ ಗಾಳಿ ಎಳೆದುಕೊಳ್ಳುವ ಸೀಳುಗಳು. ಅವನು ಗ್ಯಾರೇಜ್ ಮುಚ್ಚುವಾಗ ಸರೋಜಾ ಹೋಗಿ ಕೇಳಿದಳು, "ಕಾರು ಒಣಗಿಸಿದ್ದು ಹಪ್ಪಳ ಒಣಗಿಸಲ್ವಾ?" ಒಣಗಿಸಿತು! ನಮ್ಮ ಮನೆಯ ಗ್ಯಾರೇಜಿನಿಂದ ಕಾರನ್ನು ರಸ್ತೆಗೆ ಅಟ್ಟಿ, ಗೋಡೆಗುಂಟ ಬಲೆಯ ತಟ್ಟೆಗಳ ಅಟ್ಟಣಿಗೆ ಕಟ್ಟಿಸಿ, ಮೇಲಿನ ಕಿಂಡಿಗಳನ್ನೆಲ್ಲ ತೆರೆದಿಟ್ಟು, ಬಾಗಿಲ ಬಳಿ ಒಂದು ಫ್ಯಾನ್ ನಿಲ್ಲಿಸಿ ಶುರುಮಾಡಿದೆವು. ಮೊದಲ ಸಲದ ಹಪ್ಪಳ ಹೊಸ ಕಾರಿನ ವಾಸನೆ ಹೊಡೆಯುತ್ತಿತ್ತು. ಅದನ್ನು ಯಾರಿಗೂ ಕೊಡಲಿಲ್ಲ. ಪೆಟ್ಟಿಗೆಯನ್ನು ಮೂಲೆಮೂಲೆಗೂ ಉಜ್ಜಿ ತೊಳೆದು, ಖಾಲಿಯಾಗಿ ಉರಿಸಿ ಉರಿಸಿ ವಾಸನೆ ಬಿಡಿಸಿದ ಮೇಲೆ ಎಲ್ಲ ಸರಿಹೋಯಿತು.

ಇಬ್ಬರಿಗೆ ಮಾತ್ರ ಸರಿಹೋಗಲಿಲ್ಲ. ಒಬ್ಬರು ನಮ್ಮ ಯಜಮಾನರು. ಅವರು ಕಾರ್ಖಾನೆಯಲ್ಲಿ ಸುರಕ್ಷತಾ ಅಧಿಕಾರಿ. ಹಗಲೆಲ್ಲ "ಬೆಂಕಿ, ಎಚ್ಚರಿಕೆ" ಅಂತ ಬೋರ್ಡು ಹಾಕಿಸಿ ಮನೆಗೆ ಬಂದರೆ ಗ್ಯಾರೇಜಿನಲ್ಲಿ ಬೆಂಕಿ. ಇನ್ನೊಬ್ಬರು ನಮ್ಮ ಅತ್ತೆ. ಅವರು ತುಮಕೂರಿನಲ್ಲೇ ಇದ್ದರು, ಆದರೆ ಈ ಉದ್ಯೋಗದಲ್ಲಿ ನನಗಿದ್ದ ಮೇಲಧಿಕಾರಿ ಅವರೊಬ್ಬರೇ. ಫೋನಿನ ವಿಡಿಯೋದಲ್ಲಿ ದಿನಕ್ಕೊಮ್ಮೆ ತನಿಖೆ. "ಆ ಉಂಡೆ ಎತ್ತಿ ತೋರಿಸು. ಇನ್ನೂ ಕುಟ್ಟಬೇಕು." ಕ್ಯಾಮೆರಾದಲ್ಲಿ ಹಿಟ್ಟು ನೋಡಿ ಅವರಿಗೆ ಹೇಗೆ ಗೊತ್ತಾಗುತ್ತಿತ್ತೋ, ಕುಟ್ಟಿದರೆ ಮಾತ್ರ ಹಪ್ಪಳ ಚೆನ್ನಾಗಿಯೇ ಬರುತ್ತಿತ್ತು. ಹೀಟರ್ ತೋರಿಸಿದ ದಿನ ಅತ್ತೆ ಅದನ್ನು ಬಹಳ ಹೊತ್ತು ನೋಡಿ, "ಏನೇ ಆಗಲಿ ಲಲಿತಾ, ಅದೂ ಒಲೆಯೇ. ಒಲೆಗೆ ರಂಗೋಲಿ ಇಡದೆ ಬೆಂಕಿ ಮಾಡಬೇಡ" ಅಂದರು. ಸರಿ ಅಂದೆ. ಅಂದಿನಿಂದ ಶುಕ್ರವಾರ ಶುಕ್ರವಾರ ಗ್ಯಾರೇಜು ತೊಳೆದು, ಹೀಟರಿಗೆ ಅರಿಸಿನ ಕುಂಕುಮ ಹಚ್ಚಿ, ಅದರ ಪಾದದ ಹತ್ತಿರ ರಂಗೋಲಿ ಹಾಕಿ ಕೈಮುಗಿಯುತ್ತಿದ್ದೆ. ಸರೋಜಾ ಪಕ್ಕದಲ್ಲಿ ನಿಂತು ಕರ್ಪೂರ ತೋರಿಸುತ್ತಿದ್ದಳು. ಯಜಮಾನರು ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಹಿಡಿದು ಇನ್ನೊಂದು ಪಕ್ಕದಲ್ಲಿ ನಿಲ್ಲುತ್ತಿದ್ದರು.

ಈಗ ಹೀಟರಿನ ಒಳಗಿನ ವಿಷಯ ಸ್ವಲ್ಪ ಹೇಳಬೇಕು. ಹೆದರಬೇಡಿ, ಅಡುಗೆಮನೆಗಿಂತ ಕಷ್ಟವಿಲ್ಲ. ದೊಡ್ಡ ಬೆಂಕಿಯ ಪಕ್ಕದಲ್ಲಿ ಹೆಬ್ಬೆರಳಿನಷ್ಟು ಒಂದು ಪುಟ್ಟ ದೀಪ ಯಾವಾಗಲೂ ಉರಿಯುತ್ತಿರುತ್ತದೆ. ಅದಕ್ಕೆ ಪೈಲಟ್ ಅನ್ನುತ್ತಾರೆ. ದೊಡ್ಡ ಬೆಂಕಿ ಹೊತ್ತಿಕೊಳ್ಳುವುದು ಅದರಿಂದಲೇ. ಆ ಪುಟ್ಟ ದೀಪದ ಬಾಯಿಗೆ ಒಂದು ತಾಮ್ರದ ಕಡ್ಡಿಯ ತುದಿ ತಾಗಿಕೊಂಡಿರುತ್ತದೆ. ಕಡ್ಡಿ ಬಿಸಿಯಾಗಿರುವವರೆಗೂ ಗ್ಯಾಸು ಬರುತ್ತದೆ. ದೀಪ ಆರಿ ಕಡ್ಡಿ ತಣ್ಣಗಾಯಿತೋ, ಒಳಗೆ ಟಕ್ ಅಂತ ಸದ್ದಾಗಿ ಗ್ಯಾಸಿನ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಯಾರ ಬುದ್ಧಿಗೆ ಹೊಳೆಯಿತೋ ಇದು, ಅವರ ವಂಶ ತಣ್ಣಗಿರಲಿ. ದೀಪ ಆರಿದ್ದನ್ನು ನಾವು ನೋಡದೆ ಹೋದರೂ ಕಾಯುವವನೊಬ್ಬ ಇದ್ದಾನೆ ಅಂತ ನನಗೆ ಆ ಟಕ್ ಸದ್ದು ಕೇಳಿದಾಗಲೆಲ್ಲ ಅನಿಸುತ್ತಿತ್ತು.

ಆ ಸದ್ದು ಅತಿಯಾಗಿ ಕೇಳಿಸತೊಡಗಿದ್ದೇ ನಮ್ಮ ತಾಪತ್ರಯ. ಶುಕ್ರವಾರ ಪೂಜೆ ಮಾಡಿ ಹಚ್ಚಿದ ಹೀಟರ್ ಸಂಜೆಯವರೆಗೂ ಜುಮ್ಮನೆ ಉರಿಯುತ್ತಿತ್ತು. ಶನಿವಾರ ಬೆಳಿಗ್ಗೆ ಹೋಗಿ ನೋಡಿದರೆ ಪೈಲಟ್ ಮುನಿಸಿಕೊಂಡಿರುತ್ತಿತ್ತು. ಗುಂಡಿ ಒತ್ತಿ ಹಿಡಿದು ಹಚ್ಚಿದರೆ ನೀಲಿಯಾಗಿ ನೆಟ್ಟಗೆ ನಿಲ್ಲಬೇಕಾದ ಜ್ವಾಲೆ ಹಳದಿಯಾಗಿ, ಸೋಮಾರಿ ಹಾಗೆ ಬಾಗಿ, ಕಡ್ಡಿಯ ತುದಿಯನ್ನೇ ಮುಟ್ಟುತ್ತಿರಲಿಲ್ಲ. ಬೆರಳು ತೆಗೆದ ಕೂಡಲೇ ಟಕ್. ಊದಿ, ತಟ್ಟಿ, ಹತ್ತಾರು ಸಲ ಹಚ್ಚಿದ ಮೇಲೆ ಹೇಗೋ ಹಿಡಿದುಕೊಂಡು ಮುಂದಿನ ಶನಿವಾರದವರೆಗೆ ದಿನ ತಳ್ಳುತ್ತಿತ್ತು.

"ಶನಿವಾರ, ಅಕ್ಕಾ! ಶನಿ ಕಾಟ ಇದು!" ಅಂದಳು ಸರೋಜಾ.

"ಹೀಟರಿಗೂ ಜಾತಕ ಇರುತ್ತಾ?" ಅಂದರು ಯಜಮಾನರು.

"ಹುಟ್ಟಿದ ದಿನ ಅಂತ ಒಂದಿದ್ದ ಮೇಲೆ ಇರುತ್ತೆ ಸಾರ್. ನಮ್ಮ ಮೈದುನನಿಗೆ ಕೇಳಿ ಹೇಳ್ತೀನಿ."

ದೇವಸ್ಥಾನಕ್ಕೆ ಹೋಗಿ ಶನಿದೇವರಿಗೆ ಎಳ್ಳೆಣ್ಣೆ ದೀಪ ಹಚ್ಚಿ ಬಂದೆವು. ಹಚ್ಚಿದ್ದಕ್ಕೆ ನನಗೆ ನಾಚಿಕೆಯಿಲ್ಲ, ದೇವರ ಮುಂದೆ ಹಚ್ಚಿದ ದೀಪ ಯಾವತ್ತೂ ದಂಡವಲ್ಲ. ಆದರೆ ಹೀಟರಿಗೆ ಅದರಿಂದ ಏನೂ ಆಗಲಿಲ್ಲ. ಆಮೇಲೆ ಯಜಮಾನರು ಗಾಳಿಯ ಮೇಲೆ ಅನುಮಾನ ಪಟ್ಟರು. ಬಾಗಿಲ ಸಂದಿಯ ಗಾಳಿಗೆ ಆರುತ್ತಿರಬಹುದು ಅಂತ ತಗಡು ಕತ್ತರಿಸಿ ಪೈಲಟ್ ಪಕ್ಕ ಮರೆ ಕಟ್ಟಿದರು. ಎರಡು ವಾರ ಕಷ್ಟಪಟ್ಟು ಮಾಡಿದ ಮರೆ ನೋಡೋಕೆ ಚೆನ್ನಾಗಿತ್ತು. ಶನಿವಾರ ದೀಪ ಆ ಮರೆಯ ಹಿಂದೆ ಭದ್ರವಾಗಿ ಆರಿತು.

ಕೊನೆಗೆ ಗ್ಯಾಸ್ ರಿಪೇರಿಯವರನ್ನು ಕರೆಸಿದೆವು. ವಯಸ್ಸಾದ ಚೀನೀ ಮನುಷ್ಯ. ನಾನು ಅವರನ್ನು ಅಂಕಲ್ ಅನ್ನುತ್ತಿದ್ದೆ, ಅವರು ನನ್ನನ್ನು ಆಂಟಿ ಅನ್ನುತ್ತಿದ್ದರು. ನಮ್ಮಿಬ್ಬರಲ್ಲಿ ಯಾರು ಹಿರಿಯರು ಅಂತ ಕೊನೆಗೂ ತೀರ್ಮಾನವಾಗಲಿಲ್ಲ. ಸಾಬೂನಿನ ನೊರೆ ಹಚ್ಚಿ ಪೈಪು ಎಲ್ಲೂ ಸೋರುತ್ತಿಲ್ಲ ಅಂತ ನೋಡಿದರು, ತಾಮ್ರದ ಕಡ್ಡಿ ಬದಲಿಸಿದರು. ಪೈಲಟ್ಟಿನ ಪಕ್ಕ ಸಾಸಿವೆ ಕಾಳಿನಷ್ಟು ಒಂದು ತೂತಿದೆ, ದೀಪ ಉಸಿರಾಡುವುದು ಅದರಲ್ಲೇ. ಅದನ್ನು ಮೆತ್ತನೆಯ ಬ್ರಶ್ಶಿನಿಂದ ಉಜ್ಜಿ, ಬಿಳಿ ಪುಡಿ ಮೆತ್ತಿದ ಬ್ರಶ್ಶು ನನ್ನ ಮುಖದ ಮುಂದೆ ಹಿಡಿದರು.

"ಆಂಟಿ, ಇದು ತೆಪುಂಗ್ ಲಾ. ಹಿಟ್ಟು. ನಿಮ್ಮ ಹಪ್ಪಳದ ಹಿಟ್ಟೇ ನಿಮ್ಮ ದೀಪಕ್ಕೆ ಶತ್ರು."

ಒಪ್ಪುವ ಮಾತೇ. ಹಪ್ಪಳ ಮಾಡುವ ಜಾಗದಲ್ಲಿ ಬಿಳಿ ಪುಡಿ ಅಂದರೆ ಉದ್ದಿನ ಹಿಟ್ಟಲ್ಲದೆ ಇನ್ನೇನು? ಅಂದಿನಿಂದ ಕುಟ್ಟೋದು, ಲಟ್ಟಿಸೋದು ಎಲ್ಲ ಅಡುಗೆಮನೆಗೆ ಹೋಯಿತು. ಲಟ್ಟಿಸಿದ ಹಪ್ಪಳವನ್ನು ಒದರಿ, ಸೀರೆಯ ಸೆರಗನ್ನೂ ಒದರಿ ಗ್ಯಾರೇಜಿಗೆ ಹೋಗುತ್ತಿದ್ದೆವು. ಅಂಕಲ್ ಬಂದು ಹೋದ ವಾರ ಸರಿಯಾಗಿತ್ತು. ಮುಂದಿನ ಶನಿವಾರ ಮತ್ತೆ ಟಕ್.

ಇದೆಲ್ಲ ನಗುನಗುತ್ತಲೇ ನಡೆದುಹೋಗುತ್ತಿತ್ತೇನೋ, ಅಷ್ಟರಲ್ಲಿ ಸರೋಜಾಳ ಮಗಳ ಮದುವೆ ಗೊತ್ತಾಯಿತು. ಆ ವಾರ ಹಿಟ್ಟು ಕುಟ್ಟುತ್ತಾ ಸರೋಜಾ ಹೇಳಿದಳು: "ಅಕ್ಕಾ, ಇವಳ ಅಪ್ಪ ಇದ್ದಿದ್ರೆ ಮದುವೆ ಊಟ ತಾನೇ ನಿಂತು ಮಾಡಿಸ್ತಿದ್ರು. ನನ್ನ ಕೈಯಲ್ಲಿ ಅಷ್ಟೆಲ್ಲ ಆಗಲ್ಲ. ಹಪ್ಪಳ ಒಂದು ಆಗುತ್ತೆ. ಎಲೆ ಮೇಲೆ ಬೀಳೋ ಹಪ್ಪಳ ಮಾತ್ರ ಒಂದೂ ಅಂಗಡೀದು ಇರಬಾರದು. ಅಷ್ಟು ಮಾಡಿದ್ರೆ ಅಪ್ಪನ ಕಡೆಯಿಂದ ನಾನು ಮಾಡಿದ ಹಾಗೆ." ಅದುವರೆಗೂ ಅವಳು ನನ್ನ ಮುಂದೆ ಗಂಡನ ವಿಷಯ ತೆಗೆದದ್ದು ಬಹಳ ಕಡಿಮೆ. ಆಗಲಿ ಅಂದೆ. ಕೈ ಮಾತ್ರ ಕುಟ್ಟುತ್ತಾ ಹೋಯಿತು.

ಮದುವೆ ಮಳೆಗಾಲದಲ್ಲಿ. ತಾರಸಿಯ ಬಿಸಿಲಿನ ಮಾತೇ ಇಲ್ಲ. ಹೀಟರ್ ನಡೆದರೆ ಹಪ್ಪಳ, ಇಲ್ಲವಾದರೆ ಅಂಗಡಿ. ಯಜಮಾನರೂ ಅದೇ ಸಮಯಕ್ಕೆ ತಮ್ಮ ತೀರ್ಪು ಕೊಟ್ಟರು. ಗಟ್ಟಿಯಾಗಿ ಮಾತಾಡುವ ಮನುಷ್ಯ ಅಲ್ಲ ಅವರು. ಕಾಫಿ ಲೋಟ ಕೆಳಗಿಟ್ಟು ಹೇಳಿದರು: "ಲಲಿತಾ, ಯಾಕೆ ಆರುತ್ತೆ ಅಂತ ಗೊತ್ತಿಲ್ಲದ ಬೆಂಕೀನ ಮನೆಯಲ್ಲಿ ಇಟ್ಕೊಳ್ಳೋಕೆ ಆಗಲ್ಲ. ಕಾರಣ ಗೊತ್ತಿದ್ರೆ ಬೇರೆ ಮಾತು. ಇನ್ನೊಂದು ಸಲ ಕಾರಣವಿಲ್ಲದೆ ಆರಿದ್ರೆ ಅದು ಗುಜರಿಗೆ. ಸರೋಜಾಗೆ ನಾನೇ ಹೇಳ್ತೀನಿ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾದದ್ದು.

ಮದುವೆಯ ಹಪ್ಪಳಕ್ಕೆ ಉದ್ದು ಬೀಸಿಸಿಕೊಂಡು ಬಂದ ದಿನವೇ ತುಮಕೂರಿನಿಂದ ಫೋನು. ಯಜಮಾನರ ದೊಡ್ಡಪ್ಪ ತೀರಿಕೊಂಡಿದ್ದರು. ತುಂಬು ಬಾಳು ಬಾಳಿದ ಜೀವ, ನಿದ್ದೆಯಲ್ಲೇ ಹೋದರಂತೆ. ಅಂಥ ಸಾವು ಸಿಗೋದೂ ಭಾಗ್ಯ. ನಮಗೆ ಸೂತಕ. ಊರು ಯಾವುದಾದರೇನು, ನಮ್ಮಲ್ಲಿ ಸೂತಕ ಕಳೆಯುವವರೆಗೂ ದೇವರ ದೀಪವಿಲ್ಲ, ರಂಗೋಲಿಯಿಲ್ಲ, ಶುಭಕಾರ್ಯದ ಸಾಮಾನು ಮುಟ್ಟುವ ಹಾಗಿಲ್ಲ. ಬೇರೆಯವರ ಆರ್ಡರ್ ಆಗಿದ್ದರೆ ಏನಾದರೂ ಸಮಾಧಾನ ಹೇಳಿಕೊಳ್ಳುತ್ತಿದ್ದೆನೇನೋ. ಇದು ಮದುವೆಯ ಹಪ್ಪಳ. ಸರೋಜಾಗೆ ಗ್ಯಾರೇಜಿನ ಬೀಗದ ಕೈ ಕೊಟ್ಟೆ. "ನೀನೇ ಮಾಡು. ನಾನು ಆ ಕಡೆ ಬರಲ್ಲ."

"ದೀಪ ಆರಿದ್ರೆ?"

"ಗ್ಯಾಸ್ ವಾಸನೆ ಬಂದ್ರೆ ಕಡ್ಡಿ ಗೀರಬೇಡ, ಬಾಗಿಲು ತೆರೆದು ಹೊರಗೆ ಬಾ. ವಾಸನೆ ಇಲ್ದಿದ್ರೆ ಸ್ವಲ್ಪ ಹೊತ್ತು ಬಿಟ್ಟು ಹಚ್ಚು."

"ಅದು ಗೊತ್ತು ಅಕ್ಕಾ. ಸಾರಿಗೆ ಏನು ಹೇಳೋದು ಅಂತ ಕೇಳ್ದೆ."

ಉದ್ದಿನ ಹಿಟ್ಟಿನ ಚೀಲದ ಕಡೆ ಕೈ ತೋರಿಸಿ ಒಳಗೆ ಹೋದೆ.

ಸೂತಕದ ಅಡುಗೆಮನೆಗೆ ಅವಳು ಬರುವಂತಿರಲಿಲ್ಲ. ಹಾಗಾಗಿ ಕುಟ್ಟೋದು, ಲಟ್ಟಿಸೋದು ಎಲ್ಲ ವಾಪಸು ಗ್ಯಾರೇಜಿಗೇ ಬಂತು. ಸರೋಜಾಳ ಕೈ ಧಾರಾಳ. ಉಪ್ಪಿನಿಂದ ಹಿಡಿದು ಹಿಟ್ಟಿನವರೆಗೆ ಎಲ್ಲ ಚೆಲ್ಲಾಡಿಯೇ ಅವಳಿಗೆ ಕೆಲಸ. ನಾನು ವರಾಂಡದಲ್ಲಿ ಕೂತು, ಕಿಟಕಿಯಿಂದ ನೋಡುತ್ತಾ, ಇವತ್ತು ಸಂಜೆಯೊಳಗೆ ದೀಪ ಆರುತ್ತದೆ ಅಂತ ಕಾಯುತ್ತಿದ್ದೆ. ಶುಕ್ರವಾರ ಕಳೆಯಿತು. ಶನಿವಾರ ಬಂತು. ಬೆಳಿಗ್ಗೆ ಸರೋಜಾ ಗ್ಯಾರೇಜಿನಿಂದ ಕೂಗಿದಳು.

"ಅಕ್ಕಾ! ನೀಲಿ! ನವಿಲಿನ ಕತ್ತಿನ ಥರ ನೀಲಿ!"

ಸೂತಕ ಕಳೆಯುವವರೆಗೂ ಒಂದು ದಿನವೂ ಆರಲಿಲ್ಲ. ನೆಲವೆಲ್ಲ ಹಿಟ್ಟು, ಸರೋಜಾಳ ಮೂಗಿನ ಮೇಲೆ ಹಿಟ್ಟು, ದೀಪ ಮಾತ್ರ ನೆಟ್ಟಗೆ. ತಟ್ಟೆ ತಟ್ಟೆ ಹಪ್ಪಳ ಗಲಗಲ ಅನ್ನುವ ಹಾಗೆ ಒಣಗಿ ಬಂದವು. ಯಜಮಾನರು ಒಳಗೆ ಬಂದು ನಕ್ಕರು: "ನೋಡು, ನೀನು ಆ ಕಡೆ ಹೋಗದಿದ್ರೆ ಅದು ಎಷ್ಟು ಸುಖವಾಗಿದೆ."

ತಮಾಷೆಗೆ ಹೇಳಿದ್ದು. ನಾನೂ ನಕ್ಕೆ. ಆದರೆ ಮಾತು ಎಲ್ಲಿಗೋ ಹೋಗಿ ನಾಟಿತು. ಇಷ್ಟು ದಿನ ಕುಂಕುಮ ಹಚ್ಚಿ, ಕೈಮುಗಿದು ಹಚ್ಚಿದ ದೀಪ ನನ್ನ ಕೈಗೆ ಆರುತ್ತದೆ. ದೇವರ ಕೋಣೆಗೆ ಬೀಗ ಹಾಕಿ ಕೂತಾಗ ಉರಿಯುತ್ತದೆ. ನನ್ನ ಪೂಜೆಯಲ್ಲಿ ಏನು ಕೊರತೆ? ದೇವರ ಮೇಲೆ ನಾನು ಸಿಟ್ಟು ಮಾಡಿಕೊಂಡವಳಲ್ಲ. ಆ ವಾರ ಮಾತ್ರ ಸ್ವಲ್ಪ ಬಿಗುವಾಗಿದ್ದೆ. ಸೂತಕದಲ್ಲಿ ದೀಪ ಹಚ್ಚುವ ಹಾಗಿರಲಿಲ್ಲವಾದ್ದರಿಂದ ನಾನು ಮಾತು ಬಿಟ್ಟಿದ್ದು ಅವನಿಗೆ ಗೊತ್ತಾಗಿರಲಿಕ್ಕಿಲ್ಲ.

ಸೂತಕ ಕಳೆದು, ಮನೆಯೆಲ್ಲ ತೊಳೆದು ಶುದ್ಧಿ ಮಾಡಿಕೊಂಡ ಮರುದಿನವೇ ಶುಕ್ರವಾರ. ಹಪ್ಪಳದ ಕೊನೆಯ ಪಾಲು ಹಿಂದಿನ ಸಂಜೆ ಲಟ್ಟಿಸಿ ತಟ್ಟೆಯಲ್ಲಿ ಹರವಿ ಆಗಿತ್ತು. ಇಷ್ಟು ಒಣಗಿದರೆ ಮದುವೆಗೆ ಸಾಕು. ಹೊರಗೆ ರಾತ್ರಿಯ ಮಳೆ ನಿಂತು ಎಳೆಬಿಸಿಲು ಬಿದ್ದಿತ್ತು. ನಾನು ಬಹಳ ದಿನದ ಮೇಲೆ ಗ್ಯಾರೇಜಿಗೆ ಹೋಗಿ, ಬಾಗಿಲು ಮೇಲೆತ್ತಿ, ನೆಲ ಸಾರಿಸಿ, ಕುಂಕುಮವಿಟ್ಟು ರಂಗೋಲಿ ಹಾಕಲು ಕೂತೆ. ಬಿಗುಮಾನ ಬಿಟ್ಟು ದೊಡ್ಡದಾಗಿಯೇ ಹಾಕಿದೆ. ಹೀಟರ್ ಉರಿಯುತ್ತಿತ್ತು. ಫ್ಯಾನು ತಿರುಗುತ್ತಿತ್ತು. ಯಜಮಾನರು ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದರು.

ಬಾಗಿಲ ಕೆಳಗಿನಿಂದ ಬಿಸಿಲು ಓರೆಯಾಗಿ ನೆಲದ ಮೇಲೆ ಬಿದ್ದಿತ್ತು. ಆ ಬಿಸಿಲಿನಲ್ಲಿ ನನ್ನ ರಂಗೋಲಿಯ ಮೇಲಿನಿಂದ ತೆಳ್ಳನೆಯ ಒಂದು ಬಿಳಿ ಎಳೆ ಎದ್ದಿತು. ಹೊಗೆಯೋ ಅಂದುಕೊಂಡೆ. ಹೊಗೆಯಾಗಿದ್ದರೆ ಮೇಲೆ ಹೋಗಬೇಕು. ಇದು ಫ್ಯಾನಿನ ಗಾಳಿಗೆ ನೆಲಕ್ಕಂಟಿಕೊಂಡು ಹರಿದು, ಹೀಟರಿನ ಕೆಳಗಿನ ಸೀಳುಗಳ ಹತ್ತಿರ ಹೋಗಿ, ಯಾರೋ ಒಳಗಿನಿಂದ ನಶ್ಯ ಎಳೆದುಕೊಂಡ ಹಾಗೆ ಸರಕ್ಕನೆ ಒಳಗೆ ಹೋಯಿತು.

ನಾನು ಅಲ್ಲೇ ಕೂತೆ. ಇನ್ನೊಂದು ಎಳೆ ಎದ್ದಿತು, ಹೋಯಿತು. ಬಗ್ಗಿ ಜಾಲರಿಯಲ್ಲಿ ನೋಡಿದೆ. ನೀಲಿ ಜ್ವಾಲೆಯ ತುದಿಗೆ ಆಗಲೇ ಹಳದಿ ಹತ್ತಿತ್ತು. ಪ್ರತಿ ಶುಕ್ರವಾರ ದಿನವಿಡೀ ಪುಡಿ ತಿಂದು ಮರುದಿನಕ್ಕೆ ಉಸಿರು ಕಟ್ಟುತ್ತಿತ್ತು ಪಾಪ. ಇವತ್ತು ದೊಡ್ಡ ರಂಗೋಲಿ, ದೊಡ್ಡ ತುತ್ತು. ನಾನು ನೋಡುತ್ತಿದ್ದ ಹಾಗೆಯೇ ಬಾಗಿತು, ಕುಪ್ಪಳಿಸಿತು, ಹೋಯಿತು. ಟಕ್.

"ಆಯ್ತಲ್ಲ" ಅಂದರು ಯಜಮಾನರು, ಬೇಸರದಲ್ಲೇ. "ಗುಜರಿಯವನಿಗೆ ಫೋನ್ ಮಾಡ್ತೀನಿ."

"ರೀ, ಫ್ಯಾನ್ ಆರಿಸಿ."

"ಯಾಕೆ?"

"ಆರಿಸಿ ಅಂದ್ನಲ್ಲ! ಕಾರಣ ಸಿಕ್ತು. ಅಂಕಲ್ ಹೇಳಿದ ಬಿಳಿ ಪುಡಿ ಹಿಟ್ಟಲ್ಲ. ನನ್ನ ರಂಗೋಲಿ."

ಅವರು ನಂಬಲಿಲ್ಲ. ಸುರಕ್ಷತಾ ಅಧಿಕಾರಿಗಳು ಹೆಂಡತಿಯ ಮಾತನ್ನು ಪುರಾವೆ ಅಂತ ಒಪ್ಪುವುದಿಲ್ಲ. ಅಷ್ಟರಲ್ಲಿ ಸರೋಜಾ ಬಂದಳು. ಆರಿದ ಹೀಟರ್ ನೋಡಿ ಅವಳ ಮುಖ ಇಳಿದುಹೋಯಿತು. ತಟ್ಟೆಯ ಹಸಿ ಹಪ್ಪಳಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ನನಗೆ ಅದನ್ನು ನೋಡಲಾಗಲಿಲ್ಲ. ಗ್ಯಾಸ್ ಸಿಲಿಂಡರ್ ಬಂದ್ ಮಾಡಿ, ಪೆಟ್ಟಿಗೆ ತಣ್ಣಗಾಗಲು ಬಿಟ್ಟು, ರಂಗೋಲಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಅಂಕಲ್ ತೋರಿಸಿದ ಹಾಗೆ ಆ ಪುಟ್ಟ ತೂತನ್ನು ಬ್ರಶ್ಶಿನಿಂದ ಉಜ್ಜಿದೆ. ಉದುರಿದ ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿದೆ. ಉದ್ದಿನ ಹಿಟ್ಟು ಬೆರಳಿಗೆ ನಯ. ಇದು ಕರಕರ ಅಂದಿತು. ಇಷ್ಟು ದಿನ ಆ ಪುಡಿಯನ್ನು ಯಾರೂ ಮುಟ್ಟಿ ನೋಡಿರಲಿಲ್ಲ. ಸರೋಜಾಳ ಬೆರಳಿಗೂ, ಯಜಮಾನರ ಬೆರಳಿಗೂ ಹಚ್ಚಿದೆ.

"ಕಲ್ಲುಪುಡಿ" ಅಂದಳು ಸರೋಜಾ.

ಗ್ಯಾಸು ತೆರೆದು ಪೈಲಟ್ ಮತ್ತೆ ಹಚ್ಚಿದೆ. ಗುಂಡಿ ಒತ್ತಿ ಹಿಡಿದು, ಕಡ್ಡಿ ಕಾಯಲಿ ಅಂತ ಮನಸ್ಸಿನಲ್ಲೇ ಒಂದು ಶ್ಲೋಕ ಹೇಳಿ ಬೆರಳು ಬಿಟ್ಟೆ. ನಿಂತಿತು. ನೀಲಿ. ಫ್ಯಾನು ಹಾಕಿದರೂ ನಿಂತಿತು. ಯಜಮಾನರು ಬಹಳ ಹೊತ್ತು ನೋಡಿ, ನನ್ನ ರಂಗೋಲಿ ಡಬ್ಬಿಯಿಂದ ಒಂದು ಚಿಟಿಕೆ ತೆಗೆದು, ಬಗ್ಗಿ, ಹೀಟರಿನ ಪಾದದ ಹತ್ತಿರ ಉದುರಿಸಿದರು. ಎಳೆ ಎದ್ದಿತು, ಒಳಗೆ ಹೋಯಿತು, ಜ್ವಾಲೆಯ ತುದಿಗೆ ಹಳದಿ ಬಂತು. ಅವರು ಚಕ್ಕನೆ ಕೈ ಹಿಂದಕ್ಕೆಳೆದುಕೊಂಡರು. ಮದುವೆಯಾದಾಗಿನಿಂದ ಅವರು ರಂಗೋಲಿ ಹಾಕಿದ್ದು ಅದೊಂದೇ ಸಲ.

"ಸಾರ್, ಅದಕ್ಕೆ ಬಣ್ಣ ತುಂಬಲ್ವಾ?" ಅಂದಳು ಸರೋಜಾ. ಅವಳ ಮುಖಕ್ಕೆ ಜೀವ ಬಂದಿತ್ತು.

"ಗುಜರಿಗೆ ಫೋನು?" ಅಂದೆ ನಾನು.

"ಕಾರಣ ಗೊತ್ತಾದ ಮೇಲೆ ಬೇರೆ ಮಾತು ಅಂದಿದ್ನಲ್ಲ" ಅಂತ ತೂತು ಇನ್ನೊಮ್ಮೆ ಉಜ್ಜಲು ಬ್ರಶ್ಶು ಹುಡುಕಿದರು.

ಆಮೇಲೆ ನನಗೆ ಉಳಿದದ್ದು ಮೇಲಧಿಕಾರಿಯ ಮುಂದೆ ಹಾಜರಾಗುವುದು. ರಂಗೋಲಿ ಇಡದೆ ಬೆಂಕಿ ಮಾಡಬೇಡ ಅಂತ ಅವರ ಆಜ್ಞೆ. ಇಟ್ಟರೆ ಬೆಂಕಿ ಆರುತ್ತದೆ. ಅಂಜುತ್ತಲೇ ಫೋನು ಹಚ್ಚಿ ಇದ್ದದ್ದೆಲ್ಲ ಹೇಳಿದೆ. ಅತ್ತೆ ಕೇಳಿಸಿಕೊಂಡು ಕನ್ನಡಕ ಸರಿಮಾಡಿಕೊಂಡರು.

"ಒಣ ಪುಡಿ ಹಾಕಿದ್ಯಾ? ಒಲೆ ಮುಂದೆ?"

"ಹೂಂ ಅತ್ತೆ."

"ಒಲೆ ಮುಂದೆ ಯಾರಾದ್ರೂ ಒಣ ರಂಗೋಲಿ ಹಾಕ್ತಾರಾ? ಅಕ್ಕಿ ನೆನೆಸಿ, ನುಣ್ಣಗೆ ರುಬ್ಬಿ, ಬಟ್ಟೆ ಅದ್ದಿ ಎಳೆಯೋದು. ಒಣ ಪುಡಿ ಹಾರಿ ಸಾರಿಗೆ ಬೀಳುತ್ತೆ, ಹಲ್ಲಿಗೆ ಸಿಗುತ್ತೆ. ಬಾಗಿಲಿಗೆ ಒಣದು, ಒಲೆಗೆ ಹಸಿದು. ನಿಮ್ಮಮ್ಮ ಹೇಳಿಕೊಡ್ಲಿಲ್ವಾ?"

"ನಮ್ಮನೇಲಿ ಗ್ಯಾಸ್ ಒಲೆ ಇತ್ತು ಅತ್ತೆ. ಯಾರೂ ರಂಗೋಲಿ ಹಾಕ್ತಿರ್ಲಿಲ್ಲ."

"ನನ್ನ ಕೇಳಬೇಕಿತ್ತು" ಅಂದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ, "ನಾನೂ ಹೇಳಬೇಕಿತ್ತು" ಅಂದರು. ಮೇಲಧಿಕಾರಿಗಳಿಂದ ಅಂಥ ಮಾತು ನನ್ನ ಸೇವಾವಧಿಯಲ್ಲಿ ಇನ್ನೊಂದು ಕೇಳಲಿಲ್ಲ.

ಅಂದೇ ಅಕ್ಕಿ ನೆನೆಸಿ ರುಬ್ಬಿದೆ. ಹೀಟರಿನ ಮುಂದೆ ಹಸಿ ಎಳೆ ಎಳೆದೆ. ಹೀಟರಿನ ಬಿಸಿಗೇ ಅದು ಒಣಗಿ ನೆಲಕ್ಕೆ ಕಚ್ಚಿಕೊಂಡಿತು, ಒಂದು ಕಣವೂ ಏಳಲಿಲ್ಲ. ಶನಿವಾರ ಬೆಳಿಗ್ಗೆ ನಾವು ಮೂವರೂ ಹೋಗಿ ಜಾಲರಿಯ ಮುಂದೆ ಬಗ್ಗಿ ನೋಡಿದೆವು. ನವಿಲಿನ ಕತ್ತು. ದೇವರ ಜೊತೆ ನನ್ನ ಮಾತುಕತೆ ಮತ್ತೆ ಶುರುವಾಯಿತು. ಸೂತಕದ ದಿನಗಳಲ್ಲಿ ಅವನು ನನ್ನನ್ನು ದೂರ ಇಟ್ಟಿದ್ದಲ್ಲ, ರಂಗೋಲಿ ಡಬ್ಬಿ ಕೆಳಗಿಡಿಸಿ ನೋಡು ಅಂದಿದ್ದ. ನೋಡೋಕೆ ನನಗೆ ಅಷ್ಟು ದಿನ ಹಿಡಿಯಿತು, ಅಷ್ಟೇ.

ಇದನ್ನು ಬರೆಯುವುದಕ್ಕೆ ಕಾರಣ ಇದೆ ಹುಡುಗಿಯರೇ. ನಿಮಗೆ ಈಗ ಕರೆಂಟಿನ ಡ್ರೈಯರ್ ಬಂದಿದೆ, ಗುಂಡಿ ಒತ್ತಿದರೆ ಶಾಖ, ಪೈಲಟ್ಟಿನ ಕಾಟವಿಲ್ಲ. ಒಳ್ಳೆಯದೇ ಆಯಿತು. ಆದರೂ ಯಂತ್ರ ಮುನಿಸಿಕೊಂಡಾಗ ಅದರ ಹೊಟ್ಟೆ ಬಗೆಯುವ ಮೊದಲು ಅದರ ಮುಂದೆ ಸುಮ್ಮನೆ ಕೂತು ನೋಡಿ. ಅದು ಆರಿದಾಗ ಯಾಕೆ ಆರಿತು ಅಂತ ಎಲ್ಲರೂ ಕೇಳುತ್ತಾರೆ. ಆರದೇ ಇದ್ದ ದಿನ ನೀವು ಏನು ಮಾಡಿರಲಿಲ್ಲ ಅಂತಲೂ ಕೇಳಿಕೊಳ್ಳಿ. ಪುಡಿ ಕಂಡರೆ ಬೆರಳಲ್ಲಿ ತಿಕ್ಕಿ ನೋಡಿ. ಮತ್ತೆ, ಮನೆಯ ಹಿರಿಯರ ಹತ್ತಿರ ಪದ್ಧತಿ ಕೇಳುವಾಗ ಪೂರ್ತಿ ಕೇಳಿಕೊಳ್ಳಿ. ನಾನು ಅರ್ಧ ಕೇಳಿಕೊಂಡಿದ್ದಕ್ಕೆ ಶನಿದೇವರಿಗೆ ಕೆಟ್ಟ ಹೆಸರು ಬಂತು.

ಮದುವೆಯ ದಿನ ನನ್ನ ಜಾಗ ಮಂಟಪದ ಹತ್ತಿರ ಇರಲಿಲ್ಲ, ಹಾಲ್‌ನ ಹಿಂದೆ ಎಣ್ಣೆ ಬಾಣಲೆಯ ಪಕ್ಕದಲ್ಲಿತ್ತು. ಅಡುಗೆಯವನು ನಮ್ಮ ಹಪ್ಪಳವನ್ನು ಬಿಟ್ಟ ಕೂಡಲೇ ಅದು ಬಾಣಲೆಯಗಲ ಅರಳುತ್ತಿತ್ತು. ಒಂದೂ ಮುದುಡಲಿಲ್ಲ, ಒಂದೂ ಎಣ್ಣೆ ಕುಡಿಯಲಿಲ್ಲ. ಬುಟ್ಟಿ ಬುಟ್ಟಿ ಪಂಕ್ತಿಗೆ ಹೋಯಿತು. ಅಂಗಡಿಯ ಪೊಟ್ಟಣ ಒಂದೂ ಒಡೆಯಲಿಲ್ಲ. ಧಾರೆ ಮುಗಿದ ಮೇಲೆ ಸರೋಜಾ ರೇಷ್ಮೆ ಸೀರೆಯನ್ನು ಎತ್ತಿಕಟ್ಟಿಕೊಂಡು ಹಿಂದಕ್ಕೆ ಬಂದಳು. ಕಣ್ಣು ಒದ್ದೆಯಾಗಿತ್ತು. ಅಲ್ಲಿ ನಿಂತು ಬೀಗರ ಪಂಕ್ತಿಯ ಕಡೆ ಕಿವಿಗೊಟ್ಟಳು. ಸಾಲು ಸಾಲು ಎಲೆಗಳ ಮುಂದೆ ಹಪ್ಪಳ ಮುರಿಯುವ ಸದ್ದು ಕೇಳಿಬರುತ್ತಿತ್ತು.

"ಅವರಿಗೂ ಕೇಳಿಸ್ತಿರುತ್ತೆ, ಅಲ್ವಾ ಅಕ್ಕಾ?" ಅಂದಳು.

ಗಂಡನ ವಿಷಯ ಹೇಳುತ್ತಿದ್ದಾಳೆ ಅಂತ ತಿಳಿಯಿತು. "ಕೇಳಿಸುತ್ತೆ" ಅಂದೆ.

ಬುಟ್ಟಿಯಿಂದ ಒಂದು ಹಪ್ಪಳ ತೆಗೆದು, ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದಳು. ಎರಡು ಭಾಗ ಮಾಡಿದಳು. ಅರ್ಧ ನನ್ನ ಕೈಗಿಟ್ಟು, ಇನ್ನರ್ಧ ಬಾಯಿಗಿಟ್ಟುಕೊಂಡು, ಅಗಿಯುತ್ತಲೇ ಹೇಳಿದಳು:

"ಇದು ಶನಿವಾರ ಒಣಗಿದ್ದು ಅಕ್ಕಾ. ನನಗೆ ಗೊತ್ತಾಗುತ್ತೆ."